ಅಕ್ಕನ ಶ್ರಾವಣಕ್ಕೆ ಬಿಚ್ಚಿದ ಕಾರು

ಮೊನ್ನೆ ಇಲ್ಲಿ ಯಾರೋ ಹಳೆಯ ಕಾರಿನ ಫೋಟೊ ಹಾಕಿದ್ದರು. ಉದ್ದ ಮೂಗು, ಬಟ್ಟೆಯ ಟಾಪು, ಪಕ್ಕಕ್ಕೆ ಕಟ್ಟಿದ ಹೆಚ್ಚಿನ ಗಾಲಿ. ಕೆಳಗೆ ಎಲ್ಲರೂ ‘ಆಹಾ, ಏನು ಗತ್ತು’ ಎಂದು ಬರೆದಿದ್ದರು. ನನಗೆ ಅದನ್ನು ನೋಡಿದ ಕೂಡಲೇ ಬಾಯಲ್ಲಿ ಎರೆಮಣ್ಣಿನ ರುಚಿ ಬಂತು. ಅಂಥದೇ ಒಂದು ಗಾಡಿಯನ್ನು ನಾನು ಕೈಯಾರೆ, ಎಚ್ಚರದಲ್ಲಿದ್ದಾಗಲೇ, ಮದುವೆ ಮುಗಿದ ಮೇಲೆ ಹಂದರ ಬಿಚ್ಚಿದ ಹಾಗೆ ಬಿಚ್ಚಿ ಹಾಕಿದ್ದೆ. ಯಾಕೆ ಅಂದರೆ ಓಡಲಿ ಅಂತ.

ಅರವತ್ತರ ದಶಕದ ಶುರುವಿನ ಮಾತು. ಇಂಡಿಯಲ್ಲಿ ನಮ್ಮ ಅಪ್ಪನದು ಅಡತಿ ಅಂಗಡಿ, ಅಂದರೆ ಕಾಳುಕಡಿಯ ದಲಾಲಿ. ಶೇಂಗಾ ಸೀಜನ್ನಿನಲ್ಲಿ ಹಳ್ಳಿ ಹಳ್ಳಿ ತಿರುಗಲು ಬೇಕು ಎಂದು ಚಡಚಣದ ಕಡೆಯ ಒಬ್ಬ ಜಮೀನುದಾರರಿಂದ ಆ ಗಾಡಿ ತಂದಿದ್ದ. ಅಮೆರಿಕದಲ್ಲಿ ಹುಟ್ಟಿದ್ದು, ನನಗಿಂತ ವಯಸ್ಸಿನಲ್ಲಿ ದೊಡ್ಡದು. ಮುಂದೆ ನಿಂತು ಹ್ಯಾಂಡಲ್ ತಿರುವಿದರೆ ಚಾಲೂ ಆಗುತ್ತಿತ್ತು, ಆಗದಿದ್ದರೆ ಹ್ಯಾಂಡಲ್ಲೇ ವಾಪಸ್ ತಿರುಗಿ ಮುಂಗೈಗೆ ಬಡಿಯುತ್ತಿತ್ತು. ನಾನು ಬಿಜಾಪುರದ ಕಾಲೇಜಿನಲ್ಲಿ ಫೇಲಾಗಿ ಮನೆಗೆ ಬಂದು ಕೂತಿದ್ದೆ. ‘ಮಗ ಏನು ಮಾಡುತ್ತಾನೆ’ ಎಂದು ಯಾರಾದರೂ ಕೇಳಿದರೆ ಅಪ್ಪ ‘ಗಾಡಿ ನೋಡ್ಕೋತಾನ’ ಅನ್ನುತ್ತಿದ್ದ. ನಿಜವಾಗಿ ನೋಡುತ್ತಲೇ ಇದ್ದೆ.

ನನ್ನ ಅಕ್ಕನನ್ನು ಸಿಂದಗಿಗೆ ಕೊಟ್ಟಿತ್ತು. ಅವಳ ಗಂಡ, ಅಂದರೆ ನಮ್ಮ ಮಾವ, ಒಂದು ಹೊಸ ಗಾಡಿ ಇಟ್ಟುಕೊಂಡು ಬಾಡಿಗೆಗೆ ಓಡಿಸುತ್ತಿದ್ದರು. ನಾಲ್ಕೂ ಕಡೆ ಗಾಜು, ಮೇಲೆ ತಗಡಿನ ಟಾಪು, ಕೀಲಿ ತಿರುವಿದರೆ ಚಾಲೂ. ಬಸವನ ಬಾಗೇವಾಡಿಯ ಸಂತೆಗೆ ಹೋಗುವ ದೊಡ್ಡ ವ್ಯಾಪಾರಸ್ಥರು ಅವರನ್ನೇ ಕರೆಯುತ್ತಿದ್ದರು. ಮನುಷ್ಯ ಒಳ್ಳೆಯವರು. ಒಂದೇ ತಕರಾರು: ನಾಗರ ಪಂಚಮಿ.

ಪಂಚಮಿಗೆ ನಮ್ಮ ಕಡೆ ಹೆಣ್ಣುಮಕ್ಕಳು ತವರಿಗೆ ಬರುತ್ತಾರೆ. ಅಣ್ಣನೋ ತಮ್ಮನೋ ಹೋಗಿ ಕರೆದು ತರಬೇಕು. ಉಂಡಿ ತಿನ್ನಬೇಕು, ಜೋಕಾಲಿ ಆಡಬೇಕು, ಗೆಳತಿಯರ ಜೊತೆ ಕೂತು ಅತ್ತೆಯರನ್ನು ಬೈಯಬೇಕು. ಅನುಕೂಲ ಇದ್ದವರು ಶ್ರಾವಣ ಮುಗಿಯುವ ತನಕ ಇರುತ್ತಾರೆ. ನಮ್ಮಕ್ಕನಿಗೆ ಆ ಅನುಕೂಲ ಇರಲಿಲ್ಲ. ಮಾವ ಹಬ್ಬದ ಊಟಕ್ಕೆ ಬಂದವರು ಹೋಗುವಾಗ ಅವಳನ್ನೂ ಎಬ್ಬಿಸಿಕೊಂಡು ಹೋಗುತ್ತಿದ್ದರು. ಅವರದು ತುಂಬಿದ ಮನೆ. ದಿನಾ ಎರಡು ಹೊತ್ತು ರೊಟ್ಟಿ ಬಡಿಯುವವರು ಬೇಕು. ಮದುವೆಯಾದಾಗಿನಿಂದ ಅವಳು ಜೋಕಾಲಿಯ ಹಗ್ಗ ಹಿಡಿದದ್ದಕ್ಕಿಂತ ಹೊರಡಲು ಬಟ್ಟೆಯ ಗಂಟು ಕಟ್ಟಿದ್ದೇ ಹೆಚ್ಚು.

ಆ ವರ್ಷ ಅವಳನ್ನು ಕರೆಯಲು ನಾನು ಸಿಂದಗಿಗೆ ಹೋದೆ. ಮನೆಯ ಮುಂದೆ ಗಾಡಿ ನಿಲ್ಲಿಸಿದರೆ ಇಂಜಿನ್ ಬಂದ್ ಮಾಡಿದ ಮೇಲೂ ಅದು ಸ್ವಲ್ಪ ಹೊತ್ತು ನಡುಗುತ್ತಿತ್ತು. ಮಾವ ಹೊರಗೆ ಬಂದು ಅದು ಪೂರ್ತಿ ಸುಮ್ಮನಾಗುವವರೆಗೆ ಕೈಕಟ್ಟಿ ನಿಂತರು.

“ಏನಪಾ, ಗಾಡಿ ನಿನ್ನ ಕರಕೊಂಡು ಬಂತೋ, ನೀ ಗಾಡಿ ಹೊತ್ಕೊಂಡು ಬಂದ್ಯೋ?”

“ಮಾವಾರ, ಇದು ಒಂದ್ಸಲ ಕಾಲು ಎತ್ತಿತು ಅಂದ್ರ ನಿಮ್ಮ ಡಬ್ಬಿಗೆ ಧೂಳೂ ಸಿಗೂದಿಲ್ಲ.”

“ಹೌದಾ? ಮತ್ತ ಸರ್ತ್ ಕಟ್ಟು.”

ಪಂಚಮಿಯಲ್ಲಿ ನಮ್ಮ ಕಡೆ ಸರ್ತ್, ಅಂದರೆ ಪಂದ್ಯ, ಕಟ್ಟುವುದು ಹುಚ್ಚಲ್ಲ, ಹಬ್ಬದ ಭಾಗ. ಈ ಅಗಸಿಯಿಂದ ಆ ಗುಡಿಯವರೆಗೆ ಎಷ್ಟು ಎಸೆತದಲ್ಲಿ ನಿಂಬೆಹಣ್ಣು ಮುಟ್ಟಿಸುತ್ತೀ, ಕಣ್ಣು ಕಟ್ಟಿಕೊಂಡು ಬಾವಿಯ ತನಕ ಹೋಗುತ್ತೀಯಾ, ತುಂಬಿದ ಚೀಲ ಹೊತ್ತು ಊರು ಸುತ್ತುತ್ತೀಯಾ. ಗಡಸು ಗಡಸು ಗಂಡಸರು ತೆಂಗಿನಕಾಯಿ ಹಿಡಿದು ಊರೆಲ್ಲ ಕೂಗಾಡುವ ದಿನಗಳು ಅವು. ಆದರೆ ಕಾರಿನ ಸರ್ತ್ ಯಾರೂ ಕಟ್ಟಿರಲಿಲ್ಲ. ಯಾಕೆಂದರೆ ಎರಡು ಕಾರು ಒಂದು ಕಡೆ ಸೇರುವುದೇ ಅಪರೂಪ.

“ನಾ ಗೆದ್ರ ಅಕ್ಕ ಶ್ರಾವಣ ಪೂರ್ತಿ ನಮ್ಮ ಮನ್ಯಾಗ ಇರಬೇಕ್ರಿ,” ಅಂದೆ. ಆ ಮಾತು ನನ್ನ ಬಾಯಿಂದ ಹೇಗೆ ಬಂತೋ ಗೊತ್ತಿಲ್ಲ. ಬಂದ ಮೇಲೆ ನನಗೇ ಭಾಳ ಹಿಡಿಸಿತು.

“ಸೋತ್ರ?”

“ಸರ್ತ್ ಮುಗಿದ ಸಂಜಿಗೇ ಗಂಟು ಕಟ್ತಾಳ.”

ಮಾವನ ತಾಯಿ ಬಾಗಿಲ ಬಳಿ ಅಡಿಕೆ ಕತ್ತರಿಸುತ್ತ ಕೂತಿದ್ದರು. ಇಡೀ ಮನೆಗೆ ಅವರ ಮಾತೇ ಮಾತು. ತಲೆ ಎತ್ತದೆ ಅಂದರು: “ಸರ್ತ್ ಅಂದ ಮ್ಯಾಲೆ ಸರ್ತ್. ಸೋತು ಬಂದು ನನ್ನ ಮುಂದ ತಕರಾರು ಹೇಳಬ್ಯಾಡ್ರಿ, ಇಬ್ಬರಿಗೂ ಹೇಳೇನಿ.”

ಇಂಡಿಗೆ ಬರುವಾಗ ಅರ್ಧ ದಾರಿಯಲ್ಲಿ ಅಕ್ಕ ಕೇಳಿದಳು. “ಈ ಗಾಡಿ ಮ್ಯಾಲೆ ನನ್ನ ಸರ್ತಿಗೆ ಇಟ್ಟಿ?”

“ಗೆಲ್ತೇನಿ ಬಿಡ ಅಕ್ಕಾ.”

ಅಷ್ಟರಲ್ಲಿ ಒಂದು ಸೈಕಲ್ ನಮ್ಮನ್ನು ದಾಟಿ ಹೋಯಿತು. ಸೈಕಲ್ಲಿನ ಹಿಂದೆ ಮೇವಿನ ಹೊರೆಯೂ ಇತ್ತು. ಅಕ್ಕ ಆ ಹೊರೆಯನ್ನೇ ನೋಡುತ್ತ ಕೂತಳು. “ಗೆದ್ರ ಚಲೋ ಆಗ್ತಿತ್ತು ನೋಡ,” ಅಂದಳು, ಮೆಲ್ಲಗೆ. ಬೈದಿದ್ದರೆ ನಾನು ನಿಶ್ಚಿಂತೆಯಾಗಿ ನಿದ್ದೆ ಮಾಡುತ್ತಿದ್ದೆ. ಆ ಮಾತು ಕೇಳಿದ ಮೇಲೆ ಏನಾದರೂ ಮಾಡಲೇಬೇಕಾಯಿತು.

ನನ್ನ ಬಳಿ ಒಂದು ವಿದ್ಯೆ ಇತ್ತು. ಹಾಸ್ಟೆಲಿನ ರದ್ದಿಯಲ್ಲಿ ಒಂದು ಇಂಗ್ಲಿಷ್ ಪುಸ್ತಕ ಸಿಕ್ಕಿತ್ತು. ಅಮೆರಿಕದ ಹುಡುಗರು ಹಳೆಯ ಕಾರುಗಳನ್ನು ತಂದು, ಬಾಗಿಲು, ಟಾಪು, ಗಾದಿ ಎಲ್ಲಾ ಕಿತ್ತು ಹಗುರ ಮಾಡಿ, ನೆಟ್ಟಗಿನ ರಸ್ತೆಯಲ್ಲಿ ಎರಡೆರಡೇ ಗಾಡಿ ನಿಲ್ಲಿಸಿ ಓಡಿಸುವ ಚಿತ್ರಗಳು ಅದರಲ್ಲಿದ್ದವು. ಚಿತ್ರ ನೋಡಿದೆ. ಚಿತ್ರದ ಕೆಳಗೆ ಭಾಳ ಬರೆದಿತ್ತು, ಅದನ್ನು ಓದಲಿಲ್ಲ. ಓದುವ ಅಭ್ಯಾಸ ಇದ್ದಿದ್ದರೆ ಫೇಲ್ ಯಾಕೆ ಆಗುತ್ತಿದ್ದೆ?

ಆಗ ಇಂಡಿಯಲ್ಲಿ ಮುದ್ದೇಬಿಹಾಳದಿಂದ ಬಂದ ಒಬ್ಬ ಮಿಸ್ತ್ರಿ ಇದ್ದರು. ನಾವೆಲ್ಲ ಚಾಚಾ ಅನ್ನುತ್ತಿದ್ದೆವು. ಲಾರಿ, ಹಿಟ್ಟಿನ ಗಿರಣಿ, ಹೊಲಿಗೆ ಮಶೀನು, ಏನೇ ಕೊಟ್ಟರೂ ಬಿಚ್ಚುತ್ತಿದ್ದರು. ತಿರುಗಿ ಜೋಡಿಸುವ ಬಗ್ಗೆ ಊರಿನಲ್ಲಿ ಎರಡು ಅಭಿಪ್ರಾಯ ಇತ್ತು. ನಾನು ಚಿತ್ರದ ವಿಷಯ ಹೇಳಿದ್ದೇ ತಡ, ಚಾಚಾನ ಕಣ್ಣು ಅರಳಿದವು.

“ಇದನ್ನ ನಾ ಮೊದಲ ಹೇಳಿದ್ದೆ, ಯಾರ್ ಕೇಳ್ತಾರ? ವಜ್ಜಾ ಕಮ್ಮಿ ಆತು ಅಂದ್ರ ಗಾಡಿ ಹಕ್ಕಿ ಆಗತೈತಿ, ಹಕ್ಕಿ. ಎತ್ತು ನೋಡು, ಬಂಡಿ ಖಾಲಿ ಇದ್ರ ಹೆಂಗ ಓಡತೈತಿ?”

ತೂಕದ ಈ ಮಾತು ನನಗೆ ನ್ಯೂಟನ್ನನ ಮಾತಿನಷ್ಟೇ ಗಟ್ಟಿ ಅನ್ನಿಸಿತು. ಕಾರನ್ನು ಅಪ್ಪನ ಗೋಡೌನಿಗೆ ತಳ್ಳಿದೆವು. ಅಂಗಡಿಯ ದೊಡ್ಡ ತಕ್ಕಡಿ ಅಲ್ಲೇ ತೂಗಾಡುತ್ತಿತ್ತು. ಚಾಚಾ ಪಾನಾ ಹಿಡಿದು ಒಂದೊಂದೇ ಬಿಚ್ಚುವುದು, ನಾನು ಅದನ್ನು ತಕ್ಕಡಿಗೆ ಏರಿಸುವುದು. ಆಗ ಕಿಲೋ ಹೊಸದಾಗಿ ಬಂದಿತ್ತು. ನಾನು ಕಿಲೋದಲ್ಲಿ ಹೇಳಿದರೆ ಚಾಚಾ “ಮಣದಾಗ ಹೇಳು, ಖುಷಿ ಆಗತೈತಿ” ಅನ್ನುತ್ತಿದ್ದರು. ಬಾಗಿಲು ಹೋದವು. ಗಾಲಿಯ ಮೇಲಿನ ಮಡಗಾಡು ಹೋದವು. ಟಾಪು, ಅದರ ಕಟ್ಟಿಗೆಯ ಪಕ್ಕೆಲುಬು, ಹೆಚ್ಚಿನ ಗಾಲಿ, ಮುಂದಿನ ಗಾಜು, ಕಾಲಿಡುವ ಪಾವಟಿಗೆ, ಹಿಂದಿನ ಗಾದಿ, ಮುಂದಿನ ಗಾದಿ ಎಲ್ಲ ಹೋದವು. ರಬ್ಬರ್ ಚೆಂಡಿನ ಹಾರ್ನ್ ಹಿಡಿದು ಚಾಚಾ ಸ್ವಲ್ಪ ಯೋಚಿಸಿದರು. “ಎದುರಿಗೆ ದನ ಬಂದ್ರ ಬಾಯಿಲೇ ಒದರು,” ಅಂತ ಅದನ್ನೂ ಕಿತ್ತರು.

ಸಂಜೆ ಅಪ್ಪ ಗೋಡೌನಿಗೆ ಬಂದ. ಮೊದಲು ಕಳ್ಳರು ಬಂದಿದ್ದಾರೆ ಅಂದುಕೊಂಡ. ನಮ್ಮನ್ನು ನೋಡಿದ ಮೇಲೆ, ಕಳ್ಳರಾದರೂ ಬಂದಿದ್ದರೆ ಚಲೋ ಇತ್ತು ಅನ್ನುವ ಮುಖ ಮಾಡಿದ.

“ಏನಿದು?”

“ವಜ್ಜಾ ಕಮ್ಮಿ ಮಾಡಾಕತ್ತೇವಿ, ಅಪ್ಪಾ.”

“ನೀ ಮನಿ ಬಿಟ್ಟ ಹೋದ್ರ ಇನ್ನೂ ಕಮ್ಮಿ ಆಗತೈತಿ,” ಅಂದು ಹೋದ. ಆದರೆ ನಿಲ್ಲಿಸು ಅನ್ನಲಿಲ್ಲ. ಅವನಿಗೂ ಮಗಳು ಇನ್ನಷ್ಟು ದಿನ ಇರಬೇಕು ಅಂತಿತ್ತು. ಹಾಗಂತ ಬಾಯಿಬಿಟ್ಟು ಹೇಳುವ ಗಂಡಸರು ನಮ್ಮ ಮನೆಯಲ್ಲಿ ಇರಲಿಲ್ಲ.

ಬಿಚ್ಚಿದ ಸಾಮಾನು ಮನೆಗೆ ತಂದೆವು. ಅವ್ವನಿಗೆ ಹಬ್ಬದ ಗಡಿಬಿಡಿ. ಇದು ಯಾವುದು, ಯಾಕೆ ಬಂತು ಎಂದು ಕೇಳಲು ಪುರಸೊತ್ತಿಲ್ಲ. ಮಳೆಗಾಲ ನೋಡಿ, ಟಾಪಿನ ಬಟ್ಟೆಯನ್ನು ಸಗಣಿ ಕುಳ್ಳಿನ ರಾಶಿಗೆ ಹೊದಿಸಿದಳು. ಒಂದು ಬಾಗಿಲನ್ನು ಆಕಳ ಕರುವಿಗೆ ಅಡ್ಡ ಇಟ್ಟಳು. ಹಿಂದಿನ ಗಾದಿ ಪಡಸಾಲೆಗೆ ಬಂತು. ಅದರ ಮೇಲೆ ಜಮಖಾನೆ ಹಾಸಿದಳು.

ಮಾವ ಹಬ್ಬದ ಹಿಂದಿನ ದಿನ ತಮ್ಮ ಇಬ್ಬರು ಕಾಕಂದಿರನ್ನು ಕರೆದುಕೊಂಡು ಬಂದರು. ಬಂದವರು ಸೀದಾ ಆ ಗಾದಿಯ ಮೇಲೇ ಕೂತರು. ಮಾವ ಎರಡು ಸಲ ಪುಟಿದು ನೋಡಿದರು.

“ಭಾಳ ಮೆತ್ತಗೈತಲ್ರಿ ಅತ್ತಿ, ಎಲ್ಲಿ ಮಾಡಿಸೀರಿ?”

“ಅಮೆರಿಕಾದ್ದು ಅಂತ್ರಿ,” ಅಂದಳು ಅವ್ವ, ಉಂಡಿ ಕಟ್ಟುತ್ತಲೇ. ನಾನು ಕೆಮ್ಮಿದೆ. ಅಕ್ಕ ಸೆರಗು ಬಾಯಿಗೆ ಇಟ್ಟುಕೊಂಡು ಒಳಗೆ ಓಡಿದಳು.

ಗಾಡಿಯಲ್ಲಿ ಇನ್ನು ತೆಗೆಯಲು ಏನೂ ಉಳಿದಿರಲಿಲ್ಲ. ಆಗ ನನ್ನ ಕಣ್ಣು ನನ್ನ ಮೇಲೇ ಬಿತ್ತು. ನಾಗಪ್ಪನಿಗೆ ಹಾಲೆರೆಯುವ ದಿನ ಮನೆಯಲ್ಲಿ ಶೇಂಗಾ ಉಂಡಿ, ಎಳ್ಳುಂಡಿ, ರವೆ ಉಂಡಿ, ತಂಬಿಟ್ಟು, ಅಳ್ಳು, ಕುದಿಸಿದ ಕಡಬು. ನಾನು ಒಂದು ಲೋಟ ಮಜ್ಜಿಗೆ ಕುಡಿದು ಎದ್ದೆ. ಅವ್ವ ಹಣೆ ಮುಟ್ಟಿ ನೋಡಿದಳು. “ಜ್ವರ ಇಲ್ಲ. ಮತ್ತ ಏನ್ ಬಂದೈತಿ ನಿನಗ?” ಮಾವ ನನ್ನ ಪಾಲಿನ ಉಂಡಿಗಳನ್ನೂ ತಿಂದರು. ಅವರು ತಿಂದ ಒಂದೊಂದು ಉಂಡಿಯೂ ಅವರ ಗಾಡಿಗೆ ಭಾರ ಎಂದು ನಾನು ಒಳಗೊಳಗೇ ಖುಷಿಪಟ್ಟೆ. “ಇನ್ನೊಂದು ತಗೋರಿ ಮಾವಾರ,” ಎಂದು ಒತ್ತಾಯ ಮಾಡಿ ಬಡಿಸಿದವನೂ ನಾನೇ.

ಸರ್ತ್ ಇದ್ದದ್ದು ಮರುದಿನ ಮಧ್ಯಾಹ್ನ. ಊರ ಹೊರಗೆ ಸಿಂದಗಿಯ ದಾರಿಯಲ್ಲಿ, ಸಣ್ಣ ಸೇತುವೆಯಿಂದ ಆಚೆಯ ಬೇವಿನ ಗಿಡದ ತನಕ ರಸ್ತೆ ದಾರ ಹಿಡಿದ ಹಾಗೆ ನೆಟ್ಟಗಿತ್ತು. ಬೆಳಿಗ್ಗೆ ಒಂದು ಮಳೆ ಬಂದು ಹೋಗಿತ್ತು. ರಸ್ತೆಯ ಮೊರಮು ಅಲ್ಲಲ್ಲಿ ಕಿತ್ತು ಕೆಳಗಿನ ಕರಿ ಎರೆ ಮೇಲೆ ಬಂದಿತ್ತು. ನಿಂಬೆಹಣ್ಣು ಎಸೆಯುವವರು ಎಸೆಯುವುದನ್ನು ಬಿಟ್ಟು ಬಂದಿದ್ದರು. ಜೋಕಾಲಿ ಬಿಟ್ಟು ಅಕ್ಕನೂ ಅವಳ ಗೆಳತಿಯರೂ ಬಂದಿದ್ದರು. ಅಪ್ಪ ಹಬ್ಬದ ಬಿಳಿ ಧೋತರ, ಬಿಳಿ ಅಂಗಿ, ಗುಲಾಬಿ ರುಮಾಲು ಸುತ್ತಿಕೊಂಡು ಗಾಡಿಯ ಹಿಂದೆಯೇ ನಿಂತಿದ್ದ, ಚೆನ್ನಾಗಿ ಕಾಣಲಿ ಅಂತ.

ಗೋಡೌನಿನಿಂದ ಸೇತುವೆಗೆ ಬಂದ ನನ್ನ ಗಾಡಿಯನ್ನು ನೋಡಲು ಜನ ಒಬ್ಬರ ಮೇಲೊಬ್ಬರು ಬಿದ್ದರು. ಇಂಜಿನ್ನು, ನಾಲ್ಕು ಗಾಲಿ, ಸ್ಟೇರಿಂಗ್ ಹಿಡಿದ ನಾನು. ಕುಂತದ್ದು ಮಡಚಿದ ಗೋಣಿಚೀಲದ ಮೇಲೆ. ಚಪ್ಪಲಿ ಮನೆಯಲ್ಲಿ ಬಿಟ್ಟಿದ್ದೆ. ಬೆಲ್ಟನ್ನೂ ಬಿಚ್ಚಿ ಕೊಟ್ಟಿದ್ದರಿಂದ ಒಂದು ಕೈಯಲ್ಲಿ ಪ್ಯಾಂಟು ಹಿಡಿಯಬೇಕಾಗಿತ್ತು.

“ಅಯ್ಯ, ಇದರ ಮೈಮ್ಯಾಲಿನ ಅರಬಿ ಎಲ್ಲಿ ಹೋದವೋ?” ಎಂದು ಯಾರೋ ಕೂಗಿದರು. ಕೇಳಿದ್ದು ಗಾಡಿಯ ಬಟ್ಟೆಯೋ ನನ್ನ ಬಟ್ಟೆಯೋ ಗೊತ್ತಾಗಲಿಲ್ಲ.

ಮಾವನ ಮುಖ ಸ್ವಲ್ಪ ಇಳಿಯಿತು. ಅವರೂ ತಮ್ಮ ಗಾಡಿ ಹಗುರ ಮಾಡಲು ನೋಡಿದರು. ಹಿಂದಿನ ಸೀಟಿನಲ್ಲಿ ಆ ಇಬ್ಬರು ಕಾಕಂದಿರು ಊಟ ಮುಗಿಸಿ, ಎಲೆ ಅಡಿಕೆ ಹಾಕಿಕೊಂಡು, ಕಾಲು ಚಾಚಿ ಕೂತಿದ್ದರು.

“ಕಾಕಾ, ಸ್ವಲ್ಪ ಇಳೀರಿ. ಸರ್ತ್ ಐತಿ.”

“ಉಂಡ ಕುಂತೇವಿ. ಈಗ ಏಳಾಕ ಆಗೂದಿಲ್ಲ. ನೀ ನಡಸು, ನಾವೇನ್ ಅಡ್ಡ ಬರ್ತೇವಿ?”

ಮಾವ ಕೈಮುಗಿದರು. ಕಾಕಂದಿರು ಕಣ್ಣು ಮುಚ್ಚಿದರು. ಚಾಚಾ ನನ್ನ ಕಿವಿಯಲ್ಲಿ, “ಗೆದ್ದಿ ಹೋಗು. ಅವರ ಗಾಡ್ಯಾಗ ಎರಡು ಎಮ್ಮಿ ಕುಂತಾವ,” ಅಂದರು. ನನಗೆ ಮಾವನ ಬಗ್ಗೆ ಪಾಪ ಅನ್ನಿಸಿತು. ನಿಜ ಹೇಳುತ್ತೇನೆ, ಗೆದ್ದ ಮೇಲೆ ಅವರನ್ನು ಹೇಗೆ ಸಮಾಧಾನ ಮಾಡುವುದು ಎಂದು ಯೋಚನೆ ಮಾಡುತ್ತಿದ್ದೆ.

ಒಬ್ಬರು ಟಾವೆಲ್ ಬೀಸಿದರು. ನಾನು ಕ್ಲಚ್ ಬಿಟ್ಟು ಎಕ್ಸಲರೇಟರ್ ಒತ್ತಿದೆ. ಇಂಜಿನ್ನು ಹುಟ್ಟಿದಾಗಿನಿಂದ ಮಾಡದಷ್ಟು ಸಪ್ಪಳ ಮಾಡಿತು. ಹಿಂದಿನ ಗಾಲಿಗಳು ಬುಗುರಿಯ ಹಾಗೆ ತಿರುಗಿದವು. ಗಾಡಿ ಮಾತ್ರ ಇದ್ದಲ್ಲೇ ಇತ್ತು. ಗಾಲಿಯನ್ನು ನೆಲಕ್ಕೆ ಒತ್ತಿ ಹಿಡಿಯಲು ಮೇಲೆ ಭಾರ ಬೇಕು, ಹಿಂದಿನ ಭಾರವನ್ನೆಲ್ಲ ನಾನು ತೂಗಿ ತೂಗಿ ಮನೆಗೆ ಕಳಿಸಿದ್ದೆ ಎನ್ನುವುದು ಆಮೇಲೆ ತಲೆಗೆ ಹೋಯಿತು. ಆಗ ತಲೆಗೆ ಹೋದದ್ದು ಕೆಸರು. ಮಡಗಾಡು ಯಾಕೆ ಇರುತ್ತವೆ ಎನ್ನುವುದನ್ನು ಅವತ್ತು ಇಂಡಿಯ ಜನಕ್ಕೆಲ್ಲ ತೋರಿಸಿಕೊಟ್ಟೆ. ಹಿಂದೆ ತಿರುಗಿ ನೋಡಿದರೆ ಬಿಳಿ ಬಟ್ಟೆಯವರು ಒಬ್ಬರೂ ಉಳಿದಿರಲಿಲ್ಲ. ಅಪ್ಪ ಎಲ್ಲಿ ಎಂದು ಹುಡುಕಿದೆ. ನಡುವೆ ನಿಂತಿದ್ದ ಕರಿ ಮನುಷ್ಯನ ತಲೆಯ ಮೇಲೆ ಒಂದಿಷ್ಟು ಗುಲಾಬಿ ಬಣ್ಣ ಕಂಡಿತು.

ಮಾವನ ಗಾಡಿ ಕಾಕಂದಿರ ಭಾರಕ್ಕೆ ನೆಲ ಕಚ್ಚಿ ಹಿಡಿದು, ಗರ್ಭಿಣಿಯನ್ನು ದವಾಖಾನೆಗೆ ಒಯ್ಯುವ ಹಾಗೆ ನಿಧಾನವಾಗಿ ಮುಂದೆ ಹೋಗುತ್ತಿತ್ತು.

“ಒತ್ತು, ಇನ್ನೂ ಒತ್ತು!” ಚಾಚಾ ಕೂಗಿದರು. ಒತ್ತಿದೆ. ಗಾಲಿಗಳು ತಮ್ಮ ಗುಂಡಿ ತಾವೇ ತೋಡಿಕೊಂಡವು.

“ಇನ್ನೂ ವಜ್ಜಾ ಐತಿ. ನೀ ಇಳಿ!”

“ನಾ ಇಳಿದ್ರ ನಡಸಾವ್ರು ಯಾರ್ರಿ ಚಾಚಾ?”

ಅಷ್ಟರಲ್ಲಿ ಅಕ್ಕ ಸೀರೆ ಎತ್ತಿ ಕಟ್ಟಿ ಓಡಿ ಬಂದಳು. ಅವಳ ಹಿಂದೆ ಗೆಳತಿಯರೂ ಬಂದು ಗಾಡಿಯ ಹಿಂಬದಿಗೆ ಕೈ ಹಚ್ಚಿದರು. “ತಳ್ಳರೆವ್ವಾ, ತಳ್ಳರಿ!” ಅವಳ ಮುಖದ ಮೇಲೆ ಕೆಸರು ಸಿಡಿಯುತ್ತಿದ್ದರೂ ಕಣ್ಣು ಬೇವಿನ ಗಿಡದ ಮೇಲೇ ಇತ್ತು. ಕಡೆಗೆ ನಾಲ್ಕೈದು ಜನ ಹಿಂದೆ ಹತ್ತಿ ನಿಂತರು. ಗಾಡಿ ಒಮ್ಮೆಲೇ ನೆಗೆದು ಗುಂಡಿ ಬಿಟ್ಟು ಓಡಿತು. ಅಕ್ಕನೂ ಹತ್ತಿದ್ದಳು. ಓಡಿತು ಅಂದರೆ ನಿಜವಾಗಿಯೂ ಓಡಿತು, ಹಕ್ಕಿಯೇ. ಆದರೆ ಮಾವ ಆಗಲೇ ಬೇವಿನ ಗಿಡದ ನೆರಳಿಗೆ ಗಾಡಿ ನಿಲ್ಲಿಸಿ ಕಾಕಂದಿರಿಗೆ ನೀರು ಕುಡಿಸುತ್ತಿದ್ದರು.

ಮನೆಗೆ ಬಂದ ಮೇಲೆ ಅವ್ವ ಅಪ್ಪನ ಬೆನ್ನಿಗೆ ಕೊಡಗಟ್ಟಲೆ ನೀರು ಹಾಕುತ್ತಿದ್ದಳು. ಅಕ್ಕ ಮುಖ ತೊಳೆದು ಹಿತ್ತಲಿನ ಜೋಕಾಲಿಯಲ್ಲಿ ಕೂತಳು. ನಾನು ತೊಳೆಯಲು ತಂದ ಗಾಡಿಯ ಜೊತೆ ಬಾವಿಕಟ್ಟೆಯ ಬಳಿ ನಿಂತೆ. ಮಾವ ಕೈ ಒರೆಸಿಕೊಳ್ಳುತ್ತ ಬಂದರು.

“ನಡಿ, ಗಂಟು ಕಟ್ಟು. ಹೊತ್ತು ಮುಳುಗೂದರಾಗ ಊರು ಮುಟ್ಟೂಣು.”

ಅಕ್ಕ ಕಾಲು ನೆಲಕ್ಕೆ ಒತ್ತಿ ಜೋಕಾಲಿ ನಿಲ್ಲಿಸಿದಳು. “ಸರ್ತ್ ಕಟ್ಟಿದವರು ಯಾರ್ರಿ?”

“ನಾನು, ನಿನ್ನ ತಮ್ಮ.”

“ಸೋತವರು?”

“ನಿನ್ನ ತಮ್ಮ.”

“ಮತ್ತ ಅವನ್ನ ಕರಕೊಂಡು ಹೋಗ್ರಿ. ಶ್ರಾವಣ ಮುಗಿಯೂತನ ರೊಟ್ಟಿ ಬಡೀಲಿ.”

ಮಾವ ನನ್ನ ಕಡೆ ನೋಡಿದರು. ನನ್ನ ಕೈಗಳನ್ನು ನೋಡಿದರು. ರೊಟ್ಟಿಯ ವಿಚಾರ ಬಿಟ್ಟರು ಅಂತ ಕಾಣುತ್ತದೆ.

“ಹಂಗಲ್ಲ. ಮಾತು ಆಗೇತಿ.”

“ನನ್ನ ಯಾರು ಕೇಳೀರಿ? ನಿಂಬಿಹಣ್ಣು ಒಗದಂಗ ಅವ ಒಗದ, ನೀವು ಹಿಡದ್ರಿ. ಮದುವಿ ಆದಾಗಿಂದ ಒಂದು ಪಂಚಮ್ಯಾಗರ ನಾ ಈ ಜೋಕಾಲಿ ಮ್ಯಾಲೆ ಸಮಾಧಾನದಿಂದ ಕುಂತೇನೇನ್ರಿ? ಒಂದು ಶ್ರಾವಣ ಕೊಡ್ರಿ. ಜಗಳ ಆಡಿ ಕೇಳಾಕತ್ತಿಲ್ಲ.”

ಮಾವ ಜೋಕಾಲಿಯ ಹಗ್ಗ ಹಿಡಿದುಕೊಂಡರು. ಆಮೇಲೆ ಮೆಲ್ಲಗೆ, ಮನೆಯೊಳಗಿನವರಿಗೆ ಕೇಳಬಾರದು ಅನ್ನುವ ಹಾಗೆ ಕೇಳಿದರು. “ಅವ್ವಗ ಏನ್ ಹೇಳ್ಲಿ?”

“ಸೋತೆ ಅಂತ ಹೇಳ್ರಿ.”

“ಅದಕ್ಕ ಸೋತೆ ಅಂತ ಹೇಳ್ಬೇಕಾ?” ಎಂದು ನನ್ನ ಗಾಡಿಯ ಕಡೆ ಬೆರಳು ಮಾಡಿದರು. ಬಾಗಿಲಿಲ್ಲದ, ಟಾಪಿಲ್ಲದ ಅದು ಬಾವಿಯ ಬಳಿ ಕೆಸರು ಸುರಿಸುತ್ತ ನಿಂತಿತ್ತು. ನಾನೂ ಅದರ ಪಕ್ಕದಲ್ಲಿ ಅದೇ ಅವಸ್ಥೆಯಲ್ಲಿ ಪ್ಯಾಂಟು ಹಿಡಿದು ನಿಂತಿದ್ದೆ. ಮಾವನಿಗೆ ನಗು ತಡೆಯಲಾಗಲಿಲ್ಲ. ನಕ್ಕು ನಕ್ಕು ಕಣ್ಣು ಒರೆಸಿಕೊಂಡರು. ಅಕ್ಕ ಜೋಕಾಲಿ ಮೀಟಿದಳು.

ಅವರು ಅಕ್ಕನನ್ನು ಬಿಟ್ಟು ಕಾಕಂದಿರನ್ನಷ್ಟೇ ಕೂಡಿಸಿಕೊಂಡು ಹೋದರು. ಕಾಕಂದಿರಿಗೆ ಏನು ಹೇಳಿ ಒಪ್ಪಿಸಿದರೋ. ಸರ್ತಿನುದ್ದಕ್ಕೂ ಅವರು ಕಣ್ಣು ಮುಚ್ಚಿಕೊಂಡಿದ್ದರಿಂದ ಕಷ್ಟ ಆಗಿರಲಿಕ್ಕಿಲ್ಲ. ಹೀಗೆ ಗೆದ್ದವರು ಊರಿಗೆ ಸೋತು ಹೋದರು. ನಾನು ಇಡೀ ಕಾರು ಬಿಚ್ಚಿ, ಹಬ್ಬದ ಉಂಡಿ ಬಿಟ್ಟು, ಊರ ಬಟ್ಟೆಯೆಲ್ಲ ಹಾಳು ಮಾಡಿ ಗಳಿಸಲಾಗದ್ದನ್ನು ಅಕ್ಕ ಜೋಕಾಲಿಯಿಂದ ಇಳಿಯದೇ ಗಳಿಸಿದಳು. ಶ್ರಾವಣವೆಲ್ಲ ಅವಳು ಬಿಸಿಲು ಬೀಳುವ ತನಕ ಮಲಗಿದಳು. ನಾನೂ ಚಾಚಾನೂ ಗಾಡಿ ಜೋಡಿಸುತ್ತ ಕೂತೆವು. ಜೋಡಿಸಿದ ಮೇಲೆ ಒಂದಿಷ್ಟು ಬೋಲ್ಟು ಉಳಿದವು. “ಅವು ಹೆಚ್ಚಿಗಿ ಇದ್ವು,” ಅಂದರು ಚಾಚಾ.

ಶ್ರಾವಣ ಮುಗಿದ ಮೇಲೆ ಅವಳನ್ನು ಸಿಂದಗಿಗೆ ಬಿಡಲು ಹೋದೆ. ಮಾವನ ತಾಯಿ ನನ್ನನ್ನು ಕರೆದು ಎದುರಿಗೆ ಕೂಡಿಸಿಕೊಂಡರು. ಮಾವ ಪಕ್ಕದಲ್ಲಿ ತಾಟು ಮುಂದಿಟ್ಟುಕೊಂಡು ತಲೆ ತಗ್ಗಿಸಿ ಉಣ್ಣುತ್ತಿದ್ದರು.

“ಆ ಮುದಿ ಗಾಡಿಲೇ ನಮ್ಮ ಹೊಸ ಗಾಡಿ ಹೆಂಗ ಹಿಂದ ಹಾಕಿದ್ಯೋ, ತಮ್ಮಾ? ಇವನ್ನ ಕೇಳಿದ್ರ ಬಾಯಿ ಬಿಡೂದಿಲ್ಲ.”

ಅಕ್ಕ ಒಳಗಿನ ಬಾಗಿಲಿನಿಂದ ನನ್ನನ್ನು ದುರುಗುಟ್ಟಿ ನೋಡಿದಳು. ನಾನು ಗಂಟಲು ಸರಿಮಾಡಿಕೊಂಡೆ. “ವಜ್ಜಾ ಕಮ್ಮಿ ಮಾಡಿದ್ನಿರಿ, ಅತ್ತಿ. ಬಾಗಲಾ, ಗಾದಿ, ಮಡಗಾಡ, ಎಲ್ಲಾ ಬಿಚ್ಚಿದ್ನಿ. ಹಕ್ಕಿ ಆತ್ರಿ.” ಒಮ್ಮೆ ಶುರುವಾದ ಮೇಲೆ ನಿಲ್ಲಿಸಲಾಗಲಿಲ್ಲ. ಅಮೆರಿಕದ ಚಿತ್ರಗಳ ವಿಷಯವನ್ನೂ ಹೇಳಿದೆ. ಮಾವನ ಕಾಲು ತಾಟಿನ ಪಕ್ಕದಿಂದ ಬಂದು ನನ್ನ ಕಾಲನ್ನು ತುಳಿದಿತ್ತು. ನಾನು ಅದನ್ನು ಮೆಚ್ಚುಗೆ ಎಂದು ತಿಳಿದೆ.

ಮಾವನ ತಾಯಿ ಅಡಿಕೆ ಕತ್ತರಿಸುವುದನ್ನು ನಿಲ್ಲಿಸಿ, ಮಗನ ಕಡೆ ತಿರುಗಿ, ಒಂದೇ ಮಾತು ಹೇಳಿದರು.

“ಕೇಳೀದಿಲ್ಲೋ? ನಾಳೆ ನಸುಕಿನ್ಯಾಗ ನಮ್ಮ ಗಾಡೀದೂ ಬಾಗಲಾ ಬಿಚ್ಚಸು.”

ಆ ಮನೆಯಲ್ಲಿ ಅವರ ಮಾತು ಮೀರಿದವರಿಲ್ಲ. ದೀಪಾವಳಿಗೆ ಮಾವ ಇಂಡಿಗೆ ಬಂದಾಗ ಕಿವಿಗೆ ಮಫ್ಲರ್ ಸುತ್ತಿಕೊಂಡು, ಹಲ್ಲು ಕಟಕಟಿಸುತ್ತ, ನಾಲ್ಕೂ ಕಡೆಯಿಂದ ಗಾಳಿ ಹೊಡೆಯುವ ಗಾಡಿಯಿಂದ ಇಳಿದರು. ಎಲ್ಲಿಂದ ಇಳಿದರು ಎಂದು ಹೇಳುವಂತೆಯೇ ಇರಲಿಲ್ಲ, ಎಲ್ಲಾ ಕಡೆಯೂ ಬಾಗಿಲೇ. ಅಕ್ಕ ಇನ್ನೊಂದು ಪಕ್ಕದಿಂದ ಇಳಿದಳು. ಮಾವ ನನ್ನನ್ನು ದಾಟಿ ಸೀದಾ ಪಡಸಾಲೆಗೆ ನಡೆದರು, ಅಮೆರಿಕದ ಆ ಮೆತ್ತನ್ನ ಗಾದಿ ಹುಡುಕಿಕೊಂಡು.